ಡೋರ್ಸ್ ಎಂದರೆ ಮಾರಿಸನ್ ಒಬ್ಬನೇ ಅಲ್ಲ: ಉಳಿದ ಮೂವರ ಬಗ್ಗೆ ಮಾತನಾಡೋಣ

ಮರಳುದಂಡೆ

ಅಮೆರಿಕದ ಡೋರ್ಸ್ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಹೊರಬಂದಿದ್ದು 1967ರ ಜನವರಿ 4ರಂದು. ಇಷ್ಟು ವರ್ಷಗಳಾದ ಮೇಲೂ ಆ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಒಂದು ಫೋಟೊ: ಅಂಗಿ ತೊಡದ, ಗುಂಗುರು ಕೂದಲಿನ, ಕೈ ಚಾಚಿ ನಿಂತ ಗಾಯಕ ಜಿಮ್ ಮಾರಿಸನ್. ಟೀ ಶರ್ಟಿನ ಮೇಲೆ ಅದೇ, ಹಾಸ್ಟೆಲ್ ಕೋಣೆಯ ಗೋಡೆಯ ಮೇಲೆ ಅದೇ. ಒಂದು ಹಾಡನ್ನೂ ಕೇಳದವರು ಕೂಡ ಆ ಮುಖವನ್ನು ಗುರುತಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಆ ಮುಖದ ಹಿಂದೆ ಮೂವರು ವಾದಕರು ಮರೆಯಾಗಿ ಹೋಗಿದ್ದಾರೆ. ಬ್ಯಾಂಡಿನ ನಿಜವಾದ ಸೊಗಸು ಇರುವುದೇ ಆ ಮೂವರಲ್ಲಿ.

ಕಥೆ ಎಲ್ಲರಿಗೂ ಗೊತ್ತಿರುವುದೇ. 1965ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನ ವೆನಿಸ್ ಕಡಲತೀರದಲ್ಲಿ ಮಾರಿಸನ್ ಮತ್ತು ಕೀಬೋರ್ಡ್ ವಾದಕ ರೇ ಮಂಜಾರೆಕ್ ಎದುರಾದರು. ಇಬ್ಬರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದವರು. ಮಾರಿಸನ್ ತಾನು ಬರೆದಿಟ್ಟುಕೊಂಡಿದ್ದ 'ಮೂನ್‌ಲೈಟ್ ಡ್ರೈವ್' ಹಾಡನ್ನು ಮರಳಿನ ಮೇಲೆ ಕುಳಿತು ಹಾಡಿ ತೋರಿಸಿದ, ಮಂಜಾರೆಕ್ ಅಲ್ಲಿಯೇ ಬ್ಯಾಂಡ್ ಕಟ್ಟುವ ಮಾತೆತ್ತಿದ. ಡ್ರಮ್ಮರ್ ಜಾನ್ ಡೆನ್ಸ್‌ಮೋರ್ ಮತ್ತು ಗಿಟಾರ್ ವಾದಕ ರಾಬಿ ಕ್ರೀಗರ್ ಮಂಜಾರೆಕ್‌ಗೆ ಸಿಕ್ಕಿದ್ದು ಮಹರ್ಷಿ ಮಹೇಶ ಯೋಗಿಗಳ ಧ್ಯಾನದ ತರಗತಿಯಲ್ಲಿ.

ಮೂವರೂ ಮೂರು ದಿಕ್ಕಿನಿಂದ ಬಂದವರು. ಮಂಜಾರೆಕ್ ಷಿಕಾಗೋದವನು; ಕಿವಿಯಲ್ಲಿ ಬ್ಲೂಸ್, ಬೆರಳಿನಲ್ಲಿ ಬಾಖ್. ಡೆನ್ಸ್‌ಮೋರ್‌ಗೆ ಜಾಸ್ ಹುಚ್ಚು. ಕ್ರೀಗರ್ ಕಲಿತದ್ದು ಸ್ಪೇನಿನ ಫ್ಲಮೆಂಕೊ ಗಿಟಾರು, ಹಾಗಾಗಿ ವಿದ್ಯುತ್ ಗಿಟಾರನ್ನೂ ಪಿಕ್ ಹಿಡಿಯದೆ ಬರಿ ಬೆರಳುಗಳಲ್ಲೇ ಮೀಟುತ್ತಿದ್ದ. ಇಪ್ಪತ್ತರ ಆಸುಪಾಸಿನ ಆ ಹುಡುಗನೇ 'ಲೈಟ್ ಮೈ ಫೈರ್' ಬರೆದ. ಬ್ಯಾಂಡಿಗೆ ಹೆಸರು ತಂದ ಹಾಡಿನಲ್ಲಿ ಮಾರಿಸನ್ ಸೇರಿಸಿದ್ದು ಎರಡನೆಯ ಚರಣವನ್ನು ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆ. ಬಂದ ಹಣವನ್ನು ನಾಲ್ವರೂ ಸಮನಾಗಿ ನಾಲ್ಕು ಪಾಲು ಮಾಡಿಕೊಳ್ಳುತ್ತಿದ್ದರು. ಮೊದಲ ಮೂರು ಆಲ್ಬಂಗಳಲ್ಲಿ ಸ್ವಂತ ಹಾಡುಗಳ ಕೆಳಗೆ ಇರುವುದು ಬ್ಯಾಂಡಿನ ಹೆಸರು, ವ್ಯಕ್ತಿಯದ್ದಲ್ಲ. ಜೊತೆಗೆ, ಯಾವ ತೀರ್ಮಾನಕ್ಕಾದರೂ ಒಬ್ಬ ಬೇಡವೆಂದರೆ ಅದು ಬೇಡ. ಮುಖ್ಯ ಗಾಯಕ ಇಷ್ಟು ಪ್ರಸಿದ್ಧನಾದ ಮೇಲೂ ಈ ಕರಾರು ಉಳಿದ ಇನ್ನೊಂದು ಬ್ಯಾಂಡನ್ನು ತೋರಿಸಿ ನೋಡೋಣ. ಇಂದಿಗೂ ಆ ಹಾಡುಗಳು ಹಳಸದೆ ಇರುವುದಕ್ಕೂ ಈ ಸಮಪಾಲಿಗೂ ಸಂಬಂಧವಿದೆ ಎಂಬುದು ನನ್ನ ವಾದ. ಒಬ್ಬನನ್ನು ಮೆರೆಸಲು ಮೂವರು ಹಿನ್ನೆಲೆ ನುಡಿಸಿದ್ದರೆ ಆ ಏಳು ನಿಮಿಷದ 'ಲೈಟ್ ಮೈ ಫೈರ್' ಹುಟ್ಟುತ್ತಲೇ ಇರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಗಾಯಕ ಬಾಯಿ ಮುಚ್ಚಿಕೊಂಡು ನಿಂತಿರುತ್ತಾನೆ.

ನೀವೇನನ್ನುತ್ತೀರಿ?

ಕಪ್ಪು-ನಾಲ್ಕು

ಮಂಜಾರೆಕ್ ಎಡಗೈ ಬಗ್ಗೆ ಒಂದು ಮಾತೂ ಬರೆಯದೆ ಬಿಟ್ಟಿದ್ದೀರಿ, ಅದನ್ನು ನಾನು ತುಂಬುತ್ತೇನೆ.

ಡೋರ್ಸ್‌ಗೆ ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ವಾದಕನಿರಲಿಲ್ಲ. ವೇದಿಕೆಯ ಮೇಲೆ ಮಂಜಾರೆಕ್ ತನ್ನ ವಾಕ್ಸ್ ಕಾಂಟಿನೆಂಟಲ್ ಆರ್ಗನ್ ಮೇಲೆ 32 ಮನೆಗಳ ಚಿಕ್ಕದೊಂದು ಫೆಂಡರ್ ರೋಡ್ಸ್ ಪಿಯಾನೊ ಬೇಸ್ ಇಟ್ಟುಕೊಳ್ಳುತ್ತಿದ್ದ. ಎಡಗೈ ಅದರ ಮೇಲೆ, ಬಲಗೈ ಆರ್ಗನ್ ಮೇಲೆ. ಕೀಬೋರ್ಡ್ ನುಡಿಸುವವರು ಇದನ್ನು ಮನೆಯಲ್ಲಿ ಮಾಡಿ ನೋಡಿ. ಬಲಗೈ ಮನಸ್ಸಿಗೆ ಬಂದಂತೆ ಓಡಾಡುತ್ತಿರುವಾಗ ಎಡಗೈ ಒಂದೇ ಚಿಕ್ಕ ಬೇಸ್ ಸಾಲನ್ನು ಹತ್ತು ನಿಮಿಷ ಅಲುಗಾಡದೆ ಹಿಡಿದಿರಬೇಕು. ಎಡಗೈ ಸ್ವಲ್ಪ ಬಲಗೈಯನ್ನು ಅನುಸರಿಸಿತೋ, ಇಡೀ ಹಾಡು ಕುಸಿಯುತ್ತದೆ. ಮುಂಗೈ ನೋವು ಬೇರೆ.

ಈ ಕಟ್ಟುಪಾಡಿನಿಂದಲೇ ಆ ಮಂತ್ರ ಹಾಕಿದಂತಹ ಪರಿಣಾಮ ಬಂದಿದೆ. ಬೇಸ್ ಗಿಟಾರ್ ಇದ್ದಿದ್ದರೆ ಅದು ಅತ್ತಿತ್ತ ಅಲೆದಾಡುತ್ತಿತ್ತು. ಎಡಗೈ ಬೇಸ್ ಅಲೆಯಲಾರದು, ಸುತ್ತಬಲ್ಲದು ಅಷ್ಟೇ. ಸ್ಟುಡಿಯೊದಲ್ಲಿ ಬೇಸ್ ವಾದಕರನ್ನು ಕರೆಸಿಕೊಂಡದ್ದುಂಟು (ಮೊದಲ ಆಲ್ಬಂನಲ್ಲಿ ಲ್ಯಾರಿ ನೆಕ್ಟೆಲ್, ಎರಡನೆಯದರಲ್ಲಿ ಡಗ್ ಲುಬಾನ್), ಆದರೆ ಹಾಡುಗಳ ಮೂಳೆ ಮಂಜಾರೆಕ್ ಎಡಗೈಯದೇ.

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. 'ಲೈಟ್ ಮೈ ಫೈರ್' ಹಾಡಿನ ನಡುವಿನ ದೀರ್ಘ ವಾದನ ಎ ಮೈನರ್, ಬಿ ಮೈನರ್ ಎಂಬ ಎರಡೇ ಸ್ವರಮೇಳಗಳ ಮೇಲೆ ನಿಂತಿದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಆರು. ಹಳೆಯ ಸ್ಟೀರಿಯೊ ರೆಕಾರ್ಡ್ ಹಾಕಿಕೊಂಡು ಜೊತೆಗೆ ನುಡಿಸಲು ಹೋದರೆ ಶ್ರುತಿ ಬಿಳಿ ಆರಕ್ಕೂ ಕೂಡುವುದಿಲ್ಲ, ಕಪ್ಪು ನಾಲ್ಕಕ್ಕೂ ಕೂಡುವುದಿಲ್ಲ. ಕಾರಣ, ಸ್ಟೀರಿಯೊ ಪ್ರತಿಯ ಟೇಪು ಸುಮಾರು 3.5 ಶೇಕಡಾ ನಿಧಾನವಾಗಿ ಓಡಿತ್ತು. 1967ರ ಮೊನೊ ಸಿಂಗಲ್ ಸರಿಯಾದ ವೇಗದಲ್ಲೇ ಇತ್ತು. ಮೂವತ್ತೈದು ವರ್ಷ ಜಗತ್ತು ತಗ್ಗಿದ ಶ್ರುತಿಯ ಹಾಡನ್ನೇ ಕೇಳಿತು. ಅಮೆರಿಕದ ಪ್ರಾಧ್ಯಾಪಕರೊಬ್ಬರು 2003ರಲ್ಲಿ ಬರೆದು ತಿಳಿಸಿದ ಮೇಲೆ ಧ್ವನಿಮುದ್ರಣ ಎಂಜಿನಿಯರ್ ಬ್ರೂಸ್ ಬಾಟ್ನಿಕ್ 40ನೇ ವರ್ಷದ ಆವೃತ್ತಿಯಲ್ಲಿ ವೇಗ ಸರಿಪಡಿಸಿದ.

ತಾಳಮೇಳ

ಶ್ರುತಿಯ ಈ ಸಂಗತಿ ತಿಳಿಯದೆ ಎಷ್ಟು ಮಂದಿ ತಮ್ಮ ಗಿಟಾರಿನ ಕಿವಿ ಹಿಂಡಿದ್ದಾರೋ.

ಒಣಮಾತು

ಕೇಳಲು ಚೆನ್ನಾಗಿದೆ, ಆದರೆ ವಾದ ನಿಲ್ಲುವುದಿಲ್ಲ. ಮಾರಿಸನ್ 1971ರ ಜುಲೈ 3ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡ. ಉಳಿದ ಮೂವರೂ ಅದೇ ವರ್ಷ 'ಅದರ್ ವಾಯ್ಸಸ್' ತಂದರು, ಮರುವರ್ಷ 'ಫುಲ್ ಸರ್ಕಲ್' ತಂದರು. ಇಲ್ಲಿ ಎಷ್ಟು ಜನ ಆ ಎರಡು ಆಲ್ಬಂಗಳನ್ನು ಪೂರ್ತಿ ಕೇಳಿದ್ದೀರಿ, ಕೈ ಎತ್ತಿ. ಸಮಪಾಲಿನ ಮಹಿಮೆ ಅಷ್ಟಿದ್ದರೆ ಮೂರು ಪಾಲು ಉಳಿದಾಗ ಮುಕ್ಕಾಲು ಬ್ಯಾಂಡಾದರೂ ಉಳಿಯಬೇಕಿತ್ತು. ಉಳಿಯಲಿಲ್ಲ.

ಮಾರಿಸನ್‌ನನ್ನು ಹೊಗಳುತ್ತಿದ್ದೇನೆ ಎಂದು ತಿಳಿಯಬೇಡಿ. ಕುಡಿದು ವೇದಿಕೆ ಹತ್ತಿ ಟಿಕೆಟ್ ಕೊಂಡವರ ಮುಂದೆ ತೊದಲುವವನನ್ನು ಕವಿ ಎಂದು ಪೂಜಿಸುವುದು ನನ್ನಿಂದಾಗದು. ಆದರೂ ಬ್ಯಾಂಡಿನ ಜೀವ ಅವನೇ ಆಗಿದ್ದ ಎಂಬುದನ್ನು ಒಪ್ಪಲೇಬೇಕು.

ಮರಳುದಂಡೆ

ಒಣಮಾತು ಅವರೇ, ಎರಡನ್ನೂ ಕೇಳಿದ್ದೇನೆ. 'ಅದರ್ ವಾಯ್ಸಸ್'ನಲ್ಲಿ ವಾದನ ಎಲ್ಲಿಯೂ ಸೋತಿಲ್ಲ, ಸೋತಿರುವುದು ಹಾಡುಗಾರಿಕೆ. ಮಂಜಾರೆಕ್ ಮತ್ತು ಕ್ರೀಗರ್ ಹಾಡುವಾಗ ಆ ಗಾಂಭೀರ್ಯ ಬರುವುದಿಲ್ಲ. ಇದರಿಂದ ಸಾಬೀತಾಗುವುದು ನಾಲ್ಕನೆಯ ಪಾಲು ಮುಖ್ಯ ಎಂಬುದು, ಮಿಕ್ಕ ಮೂರು ಮುಖ್ಯವಲ್ಲ ಎಂದಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. 1970ರ ಡಿಸೆಂಬರ್ 8, ತನ್ನ 27ನೇ ಹುಟ್ಟುಹಬ್ಬದ ದಿನ, ಮಾರಿಸನ್ ಬ್ಯಾಂಡಿನವರಿಲ್ಲದೆ ಸ್ಟುಡಿಯೊಗೆ ಹೋಗಿ ತನ್ನ ಕವಿತೆಗಳನ್ನು ಓದಿ ಧ್ವನಿಮುದ್ರಿಸಿದ. ಆ ಟೇಪು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿತ್ತು. 1978ರಲ್ಲಿ ಉಳಿದ ಮೂವರು ಅದಕ್ಕೆ ಸಂಗೀತ ಕೂಡಿಸಿ 'ಆ್ಯನ್ ಅಮೆರಿಕನ್ ಪ್ರೇಯರ್' ತಂದ ಮೇಲೆಯೇ ಜನರು ಕೇಳಿದ್ದು. ಅವನಿಗೂ ಇವರು ಬೇಕಾಗಿತ್ತು.

ತಂಬೂರಿತಂತಿ

ನಾನು ಹಿಂದೂಸ್ತಾನಿ ಕೇಳುಗ, ರಾಕ್ ನನ್ನ ಮನೆಯ ಸಂಗೀತವಲ್ಲ. ಮಗ ಒತ್ತಾಯ ಮಾಡಿ ಡೋರ್ಸ್ ಮೊದಲ ಆಲ್ಬಂನ 'ದಿ ಎಂಡ್' ಕೇಳಿಸಿದ. ಹನ್ನೊಂದು ನಿಮಿಷ ದಾಟಿದ ಹಾಡು. ಮೊದಲ ಎರಡು ನಿಮಿಷಗಳಲ್ಲೇ ಕಿವಿ ನಿಮಿರಿತು.

ಕ್ರೀಗರ್ ತನ್ನ ಗಿಟಾರಿನ ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡು, ಕೆಲವು ತಂತಿಗಳು ಆಧಾರ ಸ್ವರವನ್ನು ಸದಾ ಮೊಳಗುತ್ತಿರುವಂತೆ ಮಾಡಿ, ಉಳಿದವುಗಳಲ್ಲಿ ಎಳೆದು ನುಡಿಸಿದ್ದಾನೆ. ಸಿತಾರನ್ನು ತಂದು ಅಲಂಕಾರಕ್ಕೆ ಇಟ್ಟುಕೊಂಡಿಲ್ಲ. ಇದ್ದ ಗಿಟಾರನ್ನೇ ಸಿತಾರಿನ ರೀತಿಯಲ್ಲಿ ಯೋಚಿಸುವಂತೆ ಮಾಡಿದ್ದಾನೆ. ಆ ಕಾಲದ ಎಷ್ಟೋ ಬ್ಯಾಂಡುಗಳಲ್ಲಿ ಸಿತಾರ್ ಎಂದರೆ ನಾಲ್ಕು ಸೆಕೆಂಡಿನ ಝಣಝಣ. ಇಲ್ಲಿ ಹಾಗಲ್ಲ. ನಿಧಾನವಾಗಿ ಒಂದೊಂದೇ ಸ್ವರವನ್ನು ಮುಟ್ಟಿ, ಹಿಂದೆ ಸರಿದು, ಮತ್ತೆ ಬರುವ ಕ್ರಮವಿದೆ. ಕೊನೆಗೆ ಲಯ ಏರಿ ಏರಿ, ಸಿತಾರ್ ವಾದನದ ಕೊನೆಯ ವೇಗದ ಭಾಗವಾದ ಝಾಲಾ ಹತ್ತಿರಕ್ಕೆ ಹೋಗುತ್ತದೆ.

ಹಾಗೆಂದು ಇದನ್ನು ಆಲಾಪ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ರಾಗದ ಚಲನೆ ಇಲ್ಲ, ರಾಗದ ಮುಖ್ಯ ಸ್ವರಗಳಾದ ವಾದಿ ಸಂವಾದಿಗಳ ಪ್ರಜ್ಞೆ ಇಲ್ಲ. ಒಂದು ಸಪ್ತಕವನ್ನು ಹಿಡಿದುಕೊಂಡಿದ್ದಾನೆ, ಅಷ್ಟೇ. ಆದರೆ ತಾಳ್ಮೆ ಇದೆ. ಇಪ್ಪತ್ತು ವರ್ಷದ ಹುಡುಗರಿಗೆ ಆ ತಾಳ್ಮೆ ಎಲ್ಲಿಂದ ಬಂತು ಎಂಬುದೇ ನನ್ನ ಕುತೂಹಲ. ಪಂಡಿತ್ ರವಿಶಂಕರ್ ಅವರು 1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೆರೆದ ಕಿನ್ನರ ಸಂಗೀತ ಶಾಲೆಯಲ್ಲಿ ಕ್ರೀಗರ್ ಮತ್ತು ಡೆನ್ಸ್‌ಮೋರ್ ಇಬ್ಬರೂ ಪಾಠ ಹೇಳಿಸಿಕೊಂಡರು. ಆದರೆ 'ದಿ ಎಂಡ್' ಧ್ವನಿಮುದ್ರಣವಾದದ್ದು 1966ರ ಆಗಸ್ಟಿನಲ್ಲಿ. ಅಂದರೆ ಶಾಲೆ ತೆರೆಯುವ ಮೊದಲೇ ಕಿವಿ ಹದವಾಗಿತ್ತು.

ಮಾದಕ ವಸ್ತುವಿಗೂ ನಮ್ಮ ಸಂಗೀತಕ್ಕೂ ಆ ತಲೆಮಾರು ಹಾಕಿದ ಗಂಟನ್ನು ರವಿಶಂಕರ್ ಕೊನೆಯವರೆಗೂ ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಅಷ್ಟನ್ನು ಬದಿಗಿಟ್ಟು ಕೇಳಿದರೆ ಇದು ಒಳ್ಳೆಯ ವಾದನ.

ಕಪ್ಪು-ನಾಲ್ಕು

ತಂಬೂರಿತಂತಿ ಅವರೇ, ಇನ್ನೊಂದು ದಾರಿಯೂ ಇತ್ತು. ಮಂಜಾರೆಕ್, ಡೆನ್ಸ್‌ಮೋರ್ ಇಬ್ಬರೂ ಜಾಸ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಭಕ್ತರು. 'ಲೈಟ್ ಮೈ ಫೈರ್' ನಡುವಿನ ವಾದನಕ್ಕೆ ಪ್ರೇರಣೆ ಕೋಲ್ಟ್ರೇನ್ ನುಡಿಸಿದ 'ಮೈ ಫೇವರಿಟ್ ಥಿಂಗ್ಸ್'. ಆ ಕೋಲ್ಟ್ರೇನ್ ರವಿಶಂಕರ್ ಅವರ ಸಂಗೀತಕ್ಕೆ ಎಷ್ಟು ಮಾರುಹೋಗಿದ್ದನೆಂದರೆ ಮಗನಿಗೆ ರವಿ ಎಂದೇ ಹೆಸರಿಟ್ಟ. ಒಂದೇ ನೆಲೆಯ ಮೇಲೆ ನಿಂತು ಬೆಳೆಸುವ ಕ್ರಮ ಈ ಹುಡುಗರಿಗೆ ಜಾಸ್ ಮೂಲಕವೂ ತಲುಪಿತ್ತು.

ತಾಳಮೇಳ

ನಾನು ಡ್ರಮ್ಸ್ ನುಡಿಸುವವನು, ಆದ್ದರಿಂದ ಡೆನ್ಸ್‌ಮೋರ್ ಪಾಳಿ ನನ್ನದು.

'ಬ್ರೇಕ್ ಆನ್ ಥ್ರೂ' ಕೇಳಿ. ಮೊದಲ ಆಲ್ಬಂನ ಮೊದಲ ಹಾಡು. ಆರಂಭದಲ್ಲಿ ಇರುವುದು ಬ್ರೆಜಿಲ್‌ನ ಬೊಸಾ ನೋವಾ ನಡೆ, ಅದನ್ನೇ ಬಿರುಸಾಗಿ ಬಡಿದಿದ್ದಾನೆ. ಕೋಮಲವಾದ ನಡೆಯೊಂದನ್ನು ಹೀಗೆ ಸಿಟ್ಟಿನಿಂದ ನುಡಿಸಬಹುದು ಎಂಬ ಯೋಚನೆಯೇ ಜಾಸ್ ಕಿವಿಯದ್ದು.

ಆದರೆ ನಿಜವಾದ ಕೈಚಳಕ ಇರುವುದು ನುಡಿಸದೆ ಬಿಡುವಲ್ಲಿ. 'ದಿ ಎಂಡ್', 'ವೆನ್ ದ ಮ್ಯೂಸಿಕ್ಸ್ ಓವರ್' ಎರಡರಲ್ಲೂ ಮಾರಿಸನ್ ಮಾತಾಡುವ ಭಾಗಗಳಿವೆ. ಅಲ್ಲಿ ಡೆನ್ಸ್‌ಮೋರ್ ತಾಳ ಹಾಕುವುದನ್ನು ಬಿಟ್ಟು ಮಾತಿಗೆ ಉತ್ತರ ಕೊಡಲು ತೊಡಗುತ್ತಾನೆ. ಒಂದು ಸಾಲು ಮುಗಿಯುತ್ತದೆ, ಏನೂ ಇಲ್ಲ, ಏನೂ ಇಲ್ಲ, ಫಟ್ ಎಂದು ಒಂದೇ ಏಟು. ಯಕ್ಷಗಾನದಲ್ಲಿ ಅರ್ಥ ಹೇಳುವಾಗ ಚೆಂಡೆಯವರು ಮಾತಿನ ಕೊನೆಗೆ ಒಂದು ಪೆಟ್ಟು ಹಾಕಿ ಸುಮ್ಮನಾಗುವಂತೆ. ಮಾರಿಸನ್ ಇವತ್ತು ಯಾವ ಸಾಲು ಹೇಳುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಎಂಬುದು ಯಾರಿಗೂ ಗೊತ್ತಿರುತ್ತಿರಲಿಲ್ಲ. 1966ರಲ್ಲಿ 'ವಿಸ್ಕಿ ಎ ಗೋ ಗೋ' ಕ್ಲಬ್ಬಿನಲ್ಲಿ 'ದಿ ಎಂಡ್' ನಡುವೆ ಅವನು ಇದ್ದಕ್ಕಿದ್ದಂತೆ, ತಂದೆಯನ್ನು ಕೊಂದು ತಾಯಿಯನ್ನು ವರಿಸಿದ ಗ್ರೀಕ್ ಪುರಾಣದ ಈಡಿಪಸ್ ಕಥೆಯನ್ನು ಹಸಿಹಸಿಯಾಗಿ ಸೇರಿಸಿದ. ಮಾಲೀಕರು ಆ ರಾತ್ರಿಯೇ ಬ್ಯಾಂಡನ್ನು ಹೊರಹಾಕಿದರು. ಅಂಥವನ ಹಿಂದೆ ಕುಳಿತು ತಾಳ ತಪ್ಪದೆ ಇರುವುದು ಸುಲಭದ ಕೆಲಸವಲ್ಲ.

ಒಣಮಾತು ಅವರೇ, ಅವನು ವೇದಿಕೆಯ ಮೇಲೆ ತೊದಲುವಾಗ ಸಂಗೀತ ನಿಲ್ಲದಂತೆ ನೋಡಿಕೊಂಡವರು ಯಾರು ಎಂದುಕೊಂಡಿರಿ?

ಒಣಮಾತು

ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಅವರು ತೆತ್ತ ಬೆಲೆಯನ್ನೂ ಬರೆಯಿರಿ. 1969ರ ಮಾರ್ಚ್ 1ರ ಮಯಾಮಿ ಪ್ರದರ್ಶನದ ನಂತರ ಮಾರಿಸನ್ ಮೇಲೆ ಅಸಭ್ಯ ವರ್ತನೆಯ ಮೊಕದ್ದಮೆ ಬಿತ್ತು, ಊರೂರುಗಳಲ್ಲಿ ಕಾರ್ಯಕ್ರಮಗಳು ರದ್ದಾದವು. ಮೂವರಿಗೂ ಅನ್ನಕ್ಕೆ ಕಲ್ಲು. 1970ರಲ್ಲಿ ಆರು ತಿಂಗಳ ಸಜೆ, 500 ಡಾಲರ್ ದಂಡ ಎಂದು ತೀರ್ಪಾಯಿತು. ಮೇಲ್ಮನವಿ ಮುಗಿಯುವ ಮೊದಲೇ ಅವನು ಸತ್ತ. ಫ್ಲಾರಿಡಾ ಸರ್ಕಾರ ಕ್ಷಮಾದಾನ ಕೊಟ್ಟಿದ್ದು 2010ರ ಡಿಸೆಂಬರಿನಲ್ಲಿ. ಸತ್ತು 39 ವರ್ಷಗಳ ಮೇಲೆ ಕ್ಷಮೆ ಯಾರಿಗೆ ಬೇಕಾಗಿತ್ತು?

ಹಳೆಕ್ಯಾಸೆಟ್

ನಮ್ಮ ಕಾಲದಲ್ಲಿ ಇದೆಲ್ಲ ತಿಳಿಯಲು ದಾರಿಯೇ ಇರಲಿಲ್ಲ. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಡೋರ್ಸ್ ಎಂದರೆ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಬಂದ ಕ್ಯಾಸೆಟ್ಟು. ಮೇಲಿನ ಚೀಟಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಹಾಡಿನ ಹೆಸರುಗಳು, ಅದರಲ್ಲೂ ಅರ್ಧ ಕಾಗುಣಿತ ತಪ್ಪು. ಯಾರು ಬರೆದರು, ಯಾರು ನುಡಿಸಿದರು ಏನೂ ಗೊತ್ತಿಲ್ಲ. ಬೇಸ್ ನುಡಿಸುವವನ ಹೆಸರು ಏನಿರಬಹುದು ಎಂದು ನಾವು ವಾದ ಮಾಡಿದ್ದುಂಟು!

ಈ ಬ್ಯಾಂಡಿಗೆ ಎರಡನೆಯ ಜನ್ಮ ಕೊಟ್ಟದ್ದು ಸಿನಿಮಾ ಎಂಬುದನ್ನು ಮರೆಯಬೇಡಿ. 1979ರ 'ಅಪೊಕಲಿಪ್ಸ್ ನೌ' ಆರಂಭದಲ್ಲಿ ವಿಯೆಟ್ನಾಂ ಕಾಡಿಗೆ ಬೆಂಕಿ ಬೀಳುವಾಗ ಕೇಳುವುದು 'ದಿ ಎಂಡ್'. ಸಿನಿಮಾ ಮಾಡಿದ ಕೊಪೊಲಾ ಕೂಡ ಮಾರಿಸನ್, ಮಂಜಾರೆಕ್ ಓದಿದ ಸಿನಿಮಾ ಶಾಲೆಯವನೇ. ಅಲ್ಲಿಂದ ಮುಂದೆ ಹೊಸ ತಲೆಮಾರೊಂದು ಹಳೆಯ ರೆಕಾರ್ಡುಗಳನ್ನು ಹುಡುಕತೊಡಗಿತು. 1991ರಲ್ಲಿ ಡೋರ್ಸ್ ಬಗ್ಗೆ ಆಲಿವರ್ ಸ್ಟೋನ್ ಮಾಡಿದ ಚಿತ್ರ ಬಂದ ಮೇಲಂತೂ ಕೇಳಬೇಕೇ. ಮರಳುದಂಡೆ ಅವರು ದೂರುತ್ತಿರುವ ಆ ಮುಖ ಊರೆಲ್ಲ ಹರಡಿದ್ದರಲ್ಲಿ ಆ ಚಿತ್ರದ ಪಾಲು ದೊಡ್ಡದು.

ವಿಯೆಟ್ನಾಂ ಎಂದಾಗ ಇನ್ನೊಂದು ನೆನಪಾಯಿತು. 1964ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯ ಘಟನೆಯ ನೆಪದಿಂದ ಅಮೆರಿಕ ಆ ಯುದ್ಧಕ್ಕೆ ಪೂರ್ತಿ ಇಳಿಯಿತಲ್ಲ, ಆಗ ಅಲ್ಲಿದ್ದ ಅಮೆರಿಕದ ನೌಕಾಪಡೆಯ ನಾಯಕತ್ವ ಜಾರ್ಜ್ ಸ್ಟೀಫನ್ ಮಾರಿಸನ್ ಅವರದ್ದು, ಅಂದರೆ ಜಿಮ್‌ನ ಅಪ್ಪ. ನಾಲ್ಕು ವರ್ಷಗಳಲ್ಲಿ ಮಗ 'ದಿ ಅನ್‌ನೋನ್ ಸೋಲ್ಜರ್' ಎಂಬ ಯುದ್ಧವಿರೋಧಿ ಹಾಡು ಹಾಡುತ್ತಿದ್ದ. ರೆಕಾರ್ಡ್ ಕಂಪನಿಗೆ ಕೊಟ್ಟ ಪರಿಚಯದಲ್ಲಿ ತಂದೆ ತಾಯಿ ತೀರಿಹೋಗಿದ್ದಾರೆ ಎಂದೇ ಹೇಳಿದ್ದ. ಇಬ್ಬರೂ ಆಗ ಬದುಕಿದ್ದರು.

ಹೊಸಕಿವಿ

ನನಗೆ ಗೊತ್ತಿರುವುದು 'ರೈಡರ್ಸ್ ಆನ್ ದ ಸ್ಟಾರ್ಮ್' ಒಂದೇ, ಅದೂ ಮಳೆಯ ವಿಡಿಯೊಗಳಿಗೆ ಜನ ಹಾಕುವ ತುಂಡು. ಪೂರ್ತಿ ಕೇಳಬೇಕೆಂದರೆ ಯಾವ ಆಲ್ಬಂನಿಂದ ಆರಂಭಿಸಲಿ? ಈ ಮೇಲಿನ ಜಗಳ ಓದಿ ಸ್ವಲ್ಪ ಹೆದರಿಕೆಯೂ ಆಗಿದೆ.

ಮರಳುದಂಡೆ

ಹೆದರಬೇಡಿ, ಇಲ್ಲಿ ಎಲ್ಲರೂ ಹೀಗೆಯೇ. ನಿಮಗೆ ಗೊತ್ತಿರುವ ಹಾಡಿನ ಆಲ್ಬಂನಿಂದಲೇ ಆರಂಭಿಸಿ: 'ಎಲ್.ಎ. ವುಮನ್', 1971ರ ಏಪ್ರಿಲ್. ಅದು ತಯಾರಾದ ಬಗೆಯೂ ಚೆನ್ನಾಗಿದೆ. ಮೊದಲಿನಿಂದ ಜೊತೆಗಿದ್ದ ನಿರ್ಮಾಪಕ ಪಾಲ್ ರಾತ್‌ಚೈಲ್ಡ್ ಹೊಸ ಹಾಡುಗಳನ್ನು ಕೇಳಿ, ಹೋಟೆಲ್ ಬಾರಿನ ಸಂಗೀತದಂತಿದೆ ಎಂದು ಮೂಗು ಮುರಿದು ಎದ್ದು ಹೋದ. ಬ್ಯಾಂಡಿನವರು ದೊಡ್ಡ ಸ್ಟುಡಿಯೊದ ಗೊಡವೆಯೇ ಬೇಡವೆಂದು ಸಾಂಟಾ ಮೋನಿಕಾ ಬೂಲೆವಾರ್ಡ್‌ನ ತಮ್ಮ ತಾಲೀಮು ಕೋಣೆಗೇ ಯಂತ್ರಗಳನ್ನು ತರಿಸಿಕೊಂಡು, ಎಂಜಿನಿಯರ್ ಬಾಟ್ನಿಕ್ ಜೊತೆ ತಾವೇ ಮಾಡಿ ಮುಗಿಸಿದರು. ಮಾರಿಸನ್ ಹಾಡಿದ್ದು ಅಲ್ಲಿನ ಬಚ್ಚಲುಮನೆಯಲ್ಲಿ ನಿಂತು. ಹಾಡುವವನಿಗೆ ಬೇರೆ ಕೋಣೆ ಇರಲಿಲ್ಲ. ಬೇಸ್‌ಗೆ ಎಲ್ವಿಸ್ ಪ್ರೀಸ್ಲಿ ಬಳಿ ನುಡಿಸುತ್ತಿದ್ದ ಜೆರಿ ಶೆಫ್ ಬಂದಿದ್ದ.

'ರೈಡರ್ಸ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮಾರಿಸನ್ ದನಿಯ ಅಡಿಯಲ್ಲಿ ಅವನದೇ ಪಿಸುದನಿ ಸಾಲು ಸಾಲಾಗಿ ಹಿಂಬಾಲಿಸುತ್ತದೆ. ಹಾಡಿದ ಮೇಲೆ ಅದರ ಮೇಲೆಯೇ ಇನ್ನೊಮ್ಮೆ ಪಿಸುಗುಟ್ಟಿ ಧ್ವನಿಮುದ್ರಿಸಿದ್ದು. ಆಲ್ಬಂ ಹೊರಬರುವ ಮೊದಲೇ ಮಾರ್ಚ್‌ನಲ್ಲಿ ಅವನು ಪ್ಯಾರಿಸ್‌ಗೆ ಹೊರಟುಹೋದ.

ಆಮೇಲೆ ಮೊದಲ ಆಲ್ಬಂಗೆ ಬನ್ನಿ. ನಂತರ ಎರಡನೆಯದಾದ 'ಸ್ಟ್ರೇಂಜ್ ಡೇಸ್'. ಅದರಲ್ಲಿ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಇದೆ. ರಾಕ್ ಸಂಗೀತದಲ್ಲಿ ಆ ಯಂತ್ರ ಕೇಳಿಸಿದ ತೀರಾ ಮೊದಲ ಆಲ್ಬಂಗಳಲ್ಲಿ ಅದೂ ಒಂದು. ಮೂರನೆಯ ಆಲ್ಬಂ 'ವೇಟಿಂಗ್ ಫಾರ್ ದ ಸನ್'ಗೆ ಅವಸರವಿಲ್ಲ.

ತಾಳಮೇಳ

ಸಮಪಾಲಿನ ಮಾತು ಅರ್ಧಕ್ಕೇ ನಿಂತಿದೆ. ಅದರ ಉತ್ತರಾರ್ಧ ಇನ್ನೂ ರುಚಿಕರ. 1968ರಲ್ಲಿ ಬ್ಯೂಕ್ ಕಾರಿನ ಜಾಹೀರಾತಿಗೆ 'ಲೈಟ್ ಮೈ ಫೈರ್' ಕೇಳಿದರು. ಮಾರಿಸನ್ ಊರಲ್ಲಿರಲಿಲ್ಲ, ಉಳಿದ ಮೂವರು ಹೂಂ ಎಂದರು. ತಿರುಗಿ ಬಂದವನು ಕೆಂಡವಾದ. ಡೆನ್ಸ್‌ಮೋರ್ ಅದನ್ನು ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ ಕ್ಯಾಡಿಲಾಕ್ ಕಂಪನಿ ಒಂದು ಹಾಡಿಗೆ ಒಂದೂವರೆ ಕೋಟಿ ಡಾಲರ್ ಕೊಡುತ್ತೇನೆಂದು ಬಂದಾಗ ಡೆನ್ಸ್‌ಮೋರ್ ಒಬ್ಬನೇ ಬೇಡವೆಂದ. ಕರಾರಿನ ಪ್ರಕಾರ ಒಬ್ಬನ ಬೇಡ ಸಾಕು. ಕಂಪನಿ ಲೆಡ್ ಜೆಪೆಲಿನ್ ಎಂಬ ಇನ್ನೊಂದು ಬ್ಯಾಂಡಿನ ಹಾಡು ಕೊಂಡಿತು.

2002ರಲ್ಲಿ ಮಂಜಾರೆಕ್ ಮತ್ತು ಕ್ರೀಗರ್ ಬೇರೊಬ್ಬ ಗಾಯಕನನ್ನು ಇಟ್ಟುಕೊಂಡು '21ನೇ ಶತಮಾನದ ಡೋರ್ಸ್' ಎಂದು ಊರೂರು ಸುತ್ತತೊಡಗಿದಾಗ ಡೆನ್ಸ್‌ಮೋರ್ ಕೋರ್ಟಿಗೆ ಹೋದ. ಮಾರಿಸನ್ ಹೆತ್ತವರು ಅವನ ಪರ ನಿಂತರು, ಹೌದು, ಆ ನೌಕಾಪಡೆಯ ಅಪ್ಪನೂ ಸೇರಿ. ಹೆಸರು ಬಳಸುವಂತಿಲ್ಲ ಎಂದು ತೀರ್ಪು ಬಂತು.

ಒಣಮಾತು

ಹಳೆಯ ಗೆಳೆಯರ ಮೇಲೆ ದಾವೆ ಹೂಡುವುದನ್ನು ತತ್ವನಿಷ್ಠೆ ಎನ್ನಬೇಕೋ ಹಠ ಎನ್ನಬೇಕೋ. ಮುಪ್ಪಿನಲ್ಲಿ ಇಬ್ಬರು ವಾದಕರು ತಾವೇ ಕಟ್ಟಿದ ಹಾಡುಗಳನ್ನು ನುಡಿಸಿಕೊಂಡರೆ ಯಾರ ಗಂಟು ಹೋಗುತ್ತಿತ್ತು? ಮಂಜಾರೆಕ್ 2013ರಲ್ಲಿ ತೀರಿಕೊಂಡ. ಅದಕ್ಕೆ ಮೊದಲು ಫೋನಿನಲ್ಲಿ ಇಬ್ಬರೂ ಮಾತಾಡಿದರಂತೆ, ಅಷ್ಟಾದರೂ ಆಯಿತು.

ತಾಳಮೇಳ

ನುಡಿಸಬೇಡಿ ಎಂದು ಡೆನ್ಸ್‌ಮೋರ್ ಎಂದೂ ಹೇಳಲಿಲ್ಲ. ಹೆಸರು ಬೇಡ ಎಂದ. ಆ ಹೆಸರಿನಲ್ಲಿ ನಾಲ್ಕು ಜನ ಇದ್ದರು.

ಕಪ್ಪು-ನಾಲ್ಕು

ಪರಂಪರೆ ಎಂದಾಗ ಎಲ್ಲರೂ ಮಾರಿಸನ್ ಅನುಯಾಯಿಗಳನ್ನೇ ಹೆಸರಿಸುತ್ತಾರೆ. ರಾಕ್ ಗಾಯಕ ಇಗ್ಗಿ ಪಾಪ್ 1967ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡೋರ್ಸ್ ನೋಡಿದ ಮೇಲೆಯೇ ವೇದಿಕೆಯ ಮೇಲೆ ಹುಚ್ಚು ಕಟ್ಟಿಕೊಂಡದ್ದು, ನಿಜ. ಆದರೆ 1980ರಲ್ಲಿ ಲಾಸ್ ಏಂಜಲೀಸ್‌ನ ಪಂಕ್ ಬ್ಯಾಂಡ್ 'ಎಕ್ಸ್' ತನ್ನ ಮೊದಲ ಆಲ್ಬಂ ತಂದಾಗ ಅದರ ನಿರ್ಮಾಪಕ ಮಂಜಾರೆಕ್. ತನಗಿಂತ ಒಂದು ತಲೆಮಾರು ಕಿರಿಯರ, ಹಿಪ್ಪಿಗಳನ್ನು ಹೀಯಾಳಿಸುತ್ತಿದ್ದ ಹುಡುಗರ ಬೆನ್ನಿಗೆ ನಿಂತ ಹಳಬರು ಹೆಚ್ಚು ಮಂದಿ ಸಿಗುವುದಿಲ್ಲ. ಹಾಡಿನ ಪರಂಪರೆ ಬೇಕೆಂದರೆ ಹೊಸೆ ಫೆಲಿಸಿಯಾನೊ 1968ರಲ್ಲಿ ಹಾಡಿದ 'ಲೈಟ್ ಮೈ ಫೈರ್' ಕೇಳಿ. ಕೀಬೋರ್ಡನ್ನು ಪೂರ್ತಿ ಕಿತ್ತುಹಾಕಿ ಒಂದು ಗಿಟಾರಿನ ಮೇಲೆ ನಿಲ್ಲಿಸಿದ್ದಾನೆ. ಹಾಡು ಬೀಳಲಿಲ್ಲ. ಕ್ರೀಗರ್ ಎಂಥ ಹಾಡು ಕಟ್ಟಿದ್ದ ಎಂಬುದು ಆಗ ತಿಳಿಯುತ್ತದೆ.

ಹಳೆಕ್ಯಾಸೆಟ್

'ದಿ ಸಾಫ್ಟ್ ಪರೇಡ್' ಬಗ್ಗೆ ಎಲ್ಲರೂ ಮೌನವಾಗಿದ್ದೀರಿ. ಪಿಟೀಲು, ಕಹಳೆಗಳ ಮೇಳವನ್ನು ತಂದು ತುರುಕಿದ ಆ 1969ರ ಆಲ್ಬಂ ಸಮರ್ಥಿಸುವ ಧೈರ್ಯ ಯಾರಿಗಿದೆ?

ಮರಳುದಂಡೆ

ನನಗಿದೆ, ಅರ್ಧ ಧೈರ್ಯ. ಮೊದಲ ಬಾರಿಗೆ ಹಾಡುಗಳ ಕೆಳಗೆ ಒಬ್ಬೊಬ್ಬರ ಹೆಸರು ಬಿದ್ದದ್ದು ಅದರಲ್ಲಿಯೇ. ಕ್ರೀಗರ್ ಬರೆದ ಹಾಡೊಂದರಲ್ಲಿ ಬಂದೂಕು ಎತ್ತಿಕೊಳ್ಳಿ ಎಂಬ ಅರ್ಥದ ಮಾತಿತ್ತು. ಅದನ್ನು ತಾನು ಬರೆದೆ ಎಂದು ಜನ ತಿಳಿಯಬಾರದು ಎಂದು ಮಾರಿಸನ್ ಹಟ ಹಿಡಿದ.

2019ರ ಐವತ್ತನೇ ವರ್ಷದ ಆವೃತ್ತಿಯಲ್ಲಿ ಪಿಟೀಲು, ಕಹಳೆಗಳನ್ನು ತೆಗೆದು ನಾಲ್ವರ ವಾದನವನ್ನಷ್ಟೇ ಉಳಿಸಿದ ಪ್ರತಿಗಳನ್ನೂ ಸೇರಿಸಿದ್ದಾರೆ. 'ವಿಶ್‌ಫುಲ್ ಸಿನ್‌ಫುಲ್' ಅದರಲ್ಲಿ ಎಷ್ಟೋ ಮೇಲು. 'ಟಚ್ ಮಿ' ಮಾತ್ರ ನನಗೆ ಮೂಲವೇ ಬೇಕು. ಕರ್ಟಿಸ್ ಏಮಿ ಕೊನೆಯಲ್ಲಿ ನುಡಿಸಿದ ಆ ಸ್ಯಾಕ್ಸೊಫೋನಿಗೆ ಹಿಂದೆ ಅಷ್ಟು ದೊಡ್ಡ ಗದ್ದಲ ಇದ್ದರೇನೇ ಚೆಂದ. ತಾಳಮೇಳ ಅವರು ಇದನ್ನು ಒಪ್ಪುವುದಿಲ್ಲ ಎಂದು ಗೊತ್ತು, ಬರೆಯಲಿ.